ಸೊಪ್ಪು ಮುಗಿಯುವ ತನಕ ಹೆದರಿಸುವ ಚಿಕ್ಕಬೀರಮ್ಮ

ಬಿಸಿಲು ಇನ್ನೂ ಏರಿಲ್ಲ. ಪಿರಿಯಾಪಟ್ಟಣದ ಬಳಿ, ಸೊಪ್ಪನ್ನು ಶಾಖದಲ್ಲಿ ಒಣಗಿಸುವ ಬ್ಯಾರನ್ ಮುಂದೆ ಹಸಿ ಹೊಗೆಸೊಪ್ಪಿನ ರಾಶಿ. ಸುತ್ತ ಕೂತ ಹೆಂಗಸರು ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದಾರೆ, ಕೈತುಂಬ ಕಪ್ಪು ಅಂಟು. ನಡುವೆ ಚಿಕ್ಕಬೀರಮ್ಮ ಕಟ್ಟುತ್ತಲೇ ಕತೆ ಹೇಳುತ್ತಿದ್ದಾರೆ: ಒಬ್ಬನ ಬೆನ್ನ ತುಂಬ ಹಲ್ಲು ಮೊಳೆತಿವೆ, ಹೊದ್ದ ಕಂಬಳಿಯನ್ನು ಅವು ಜಗಿಯುತ್ತಿವೆ.

ಅವರ ಬಗ್ಗೆ ಬರೆಯಲು ಬಂದ ನಾನಿನ್ನೂ ತಿಂಡಿ ತಿಂದಿರಲಿಲ್ಲ, ಪುಣ್ಯ. ಇಂಥ ಹೇಸಿಗೆಯನ್ನು ಯಾಕಾದರೂ ಕೇಳುತ್ತಾರೋ ಎಂದು ಗೊಣಗಿಕೊಂಡೇ ಹತ್ತಿರ ಸರಿದು ಕೂರುತ್ತೇನೆ.

ಅರವತ್ತು ದಾಟಿದ ಈಕೆಯನ್ನು ಸೊಪ್ಪಿನ ಕಾಲದಲ್ಲಿ ಸುತ್ತಲ ಊರುಗಳಿಗೆಲ್ಲ ಕರೆಯುತ್ತಾರೆ. ಕಿತ್ತ ಸೊಪ್ಪನ್ನು ಅಂದೇ ಕಟ್ಟಬೇಕು, ಕತೆಯಿದ್ದರೆ ಯಾರೂ ಎದ್ದು ಹೋಗುವುದಿಲ್ಲ. ಒಮ್ಮೆ ಮಧ್ಯಾಹ್ನಕ್ಕೇ ಕತೆ ಮುಗಿಸಿಬಿಟ್ಟರಂತೆ. ಹೆಂಗಸರು ಸೆರಗು ಕೊಡವಿ ಮನೆಗೆ ನಡೆದರು, ಅರ್ಧ ರಾಶಿ ಬಾಡಿತು. ಅಂದಿನಿಂದ ಕೊನೆಯ ಕಡ್ಡಿ ಬ್ಯಾರನ್ ಏರುವ ತನಕ ಅವರ ಕತೆಯಲ್ಲಿ ಯಾರೂ ಸಾಯುವುದಿಲ್ಲ, ನೆಟ್ಟಗೆ ಬದುಕುವುದೂ ಇಲ್ಲ.

ದೆವ್ವದ ಕತೆ ಹೇಳಬಾರದೇ ಎಂದರೆ ರೇಗುತ್ತಾರೆ. "ದೆವ್ವುಕ್ಕೆ ತಾಯತ ಅದೆ, ದೇವ್ರು ಮುನುಸ್ಕಂಡ್ರೆ ಅರಕೆ ಅದೆ. ನನ್ ಕತೇಲಿ ಆಕಾಸದಾಚೆ ಏನೋ ಒಂದು ಮಲ್ಗದೆ. ಅದುಕ್ಕೆ ನಾವಿರೋದೇ ಗೊತ್ತಿಲ್ಲ ಕಣ್ ಸ್ವಾಮಿ. ಮಗ್ಗುಲಾದ್ರೆ ಮುಗೀತು. ಯಾರ್ನ ಬೇಡ್ಕಳದು?"

ಸರಿಯಾಗಿ ಇಲ್ಲಿಗೇ ಬರಬೇಕೇ ಬ್ಯಾರನ್ ಮಾಲೀಕ ಲಿಂಗಣ್ಣ! ಸೊಸೆ ರೂಪಶ್ರೀ ತುಂಬು ಬಸುರಿ, ಇಂಥವು ಅವಳ ಕಿವಿಗೆ ಬೀಳಬಾರದು, ನೀತಿಕತೆ ಹೇಳುವುದಾದರೆ ಇರು, ಇಲ್ಲದಿದ್ದರೆ ನಾಳೆಯಿಂದ ಬರಬೇಡ ಎನ್ನುತ್ತಾರೆ. ಚಿಕ್ಕಬೀರಮ್ಮ ಹಲ್ಲಿನವನನ್ನು ಅಲ್ಲೇ ಬಿಟ್ಟು ಸತ್ಯವಂತನೊಬ್ಬನ ಕತೆ ಶುರು ಮಾಡುತ್ತಾರೆ. ಹೆಂಗಸರು ಆಕಳಿಸುತ್ತಾರೆ, ಕೈಗಳು ನಿಧಾನವಾಗುತ್ತವೆ, ಒಬ್ಬಾಕೆ ಎದ್ದೇ ಹೋಗುತ್ತಾಳೆ. ನನಗೂ ತಡೆಯಲಾರದಷ್ಟು ಸಿಟ್ಟು ಬರುತ್ತದೆ.

ಅಷ್ಟರಲ್ಲಿ ಕಾಫಿ ತಂದ ರೂಪಶ್ರೀ, ಹಲ್ಲಿನವನು ಏನಾದ ಎಂದು ಕೇಳುತ್ತಾಳೆ. ಮನೆಯ ಕಿಟಕಿಯಿಂದ ದಿನವೂ ಕೇಳುತ್ತಿದ್ದಳಂತೆ. ಮಾವ ಕಣ್ಣು ಕಣ್ಣು ಬಿಡುತ್ತಾರೆ.

"ಒಟ್ಟೆ ಒಳ್ಗೆ ಒದೀತಾ ಇದ್ರೆ ನಂಗೆ ದಿಗ್ಲಾಯ್ತದೆ ಮಾವ. ಎಲ್ರೂ ಕುಸಿ ಪಡು ಅಂತೀರ. ಮೈಯೇ ನಮ್ ಮಾತು ಕೇಳದೆ ಓದ್ರೆ ಭಯ ಆಯ್ತದೆ ಅಂತ ಒಪ್ಪದು ಅಜ್ಜಿ ಒಬ್ರೇ."

ಲಿಂಗಣ್ಣ ಕಡ್ಡಿಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಾರೆ. ಹಲ್ಲುಗಳು ಮತ್ತೆ ಜಗಿಯತೊಡಗುತ್ತವೆ.

ಸಂಜೆ ಕೊನೆಯ ಕಡ್ಡಿ ಏರಿದ ಮೇಲೆ ಚಿಕ್ಕಬೀರಮ್ಮನನ್ನು ಅವರ ಆಸೆ ಏನೆಂದು ಕೇಳುತ್ತೇನೆ. ತಮಗೂ ಯಾರಾದರೂ ಕತೆ ಹೇಳಿ ಹೆದರಿಸಬೇಕಂತೆ. ತಮ್ಮ ಕತೆಗಳಲ್ಲಿ ಮುಂದೇನೆಂದು ಮೊದಲೇ ಗೊತ್ತಿರುತ್ತದಲ್ಲ. ಹೆತ್ತು ಬಂದು ಹೆರಿಗೆಯ ಕತೆಯನ್ನು ತಾನೇ ಹೇಳುತ್ತೇನೆ ಎನ್ನುತ್ತಾಳೆ ರೂಪಶ್ರೀ.

ಚಿಕ್ಕಬೀರಮ್ಮ ಕೈಯ ಅಂಟು ಉಜ್ಜುತ್ತಾ ಅವಳತ್ತ ನೋಡುತ್ತಾರೆ. "ಪೂರಾ ಏಳ್ಬೇಕು ಕಣವ್ವ. ಎಲ್ಲಾ ಚೆನ್ನಾಗಾಯ್ತು ಅಂತ ಮುಗುಸ್ಬುಡ್ಬೇಡ."