ಸುಣ್ಣಕ್ಕೆಂದು ತಂದ ಡ್ರಮ್ಮು

ಹಳೇ ಸಾಮಾನು ಕೊಳ್ಳುವಾಗ ಅದು ನಿಮಗೆ ಯಾತಕ್ಕೆ ಬೇಕು ಅನ್ನುವುದನ್ನು ಮಾರುವವನಿಗೆ ಹೇಳಬೇಡಿ. ಬೀರು ಬೇಕಿದ್ದರೆ ಮೊದಲು ಮೇಜಿನ ಬೆಲೆ ಕೇಳಿ. ಎದ್ದು ಹೊರಡುವಾಗ ಬೀರುವಿನ ಬಾಗಿಲು ಒಂದು ಸಲ ತೆಗೆದು, ಮುಖ ಸಿಂಡರಿಸಿ, ಕೋಳಿ ಕೂಡಿಹಾಕುವುದಕ್ಕಾದರೂ ಆದೀತೇನೋ ಅಂತ ನಿಮ್ಮಷ್ಟಕ್ಕೆ ನೀವು ಅಂದುಕೊಳ್ಳಿ, ಅವನಿಗೆ ಕೇಳಿಸುವಷ್ಟು. ಇಂಥ ಬುದ್ಧಿಯಿಂದಲೇ, ಕೆಂಗೇರಿಯಿಂದ ಸೈಕಲ್ಲಿನ ಮೇಲೆ ಸೊಪ್ಪು ಹೇರಿಕೊಂಡು ಬರುತ್ತಿದ್ದ ನಾನು ಐವತ್ತರ ದಶಕದ ನಡುವಿನ ಹೊತ್ತಿಗೆ ರಾಜಾಜಿನಗರದಲ್ಲಿ ಮನೆ ಹಿಡಿದು, ಹಳೇ ಸಾಮಾನಿನ ವ್ಯಾಪಾರ ಮಾಡಿಕೊಂಡು, ಯಾರ ಹಂಗೂ ಇಲ್ಲದೆ ಇದ್ದೆ. ಅದೇ ಬುದ್ಧಿ ಒಂದು ಆಷಾಢದಲ್ಲಿ ನನ್ನ ಅಕ್ಕನ ತಟ್ಟೆಯವರೆಗೂ ಬಂತು.

ಅವ್ವ ಸತ್ತಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನಾರು. ನನ್ನನ್ನು ಸಾಕಿದವಳು ಅವಳೇ. ಆ ಆಷಾಢಕ್ಕೆ ಮುಂಚೆ ಕೆಂಗೇರಿಯಲ್ಲಿ ಅವಳಿಗೆ ವಿಷಮಜ್ವರ ಬಂದು, ಜ್ವರ ಬಿಟ್ಟ ಮೇಲೂ ಎದ್ದು ಕೂರುವ ತ್ರಾಣ ಬರಲಿಲ್ಲ. ಬಿತ್ತನೆಯ ಕಾಲ, ಭಾವ ಹೊಲ ಬಿಟ್ಟು ಬರುವ ಹಾಗಿರಲಿಲ್ಲ. ಡಾಕ್ಟರಿಗೆ ಹತ್ತಿರ ಅಂತ ನಾನೇ ಮನೆಗೆ ಕರೆತಂದೆ. ಕರುಳು ಸರಿಹೋಗಿದೆ, ಇನ್ನು ಏನು ಬೇಕಾದರೂ ತಿನ್ನಲಿ, ತಿನ್ನದೇ ಹೋದರೆ ಮಾತ್ರ ನನ್ನ ಔಷಧಿಯಿಂದ ಏನೂ ಆಗುವುದಿಲ್ಲ ಅಂದರು ಡಾಕ್ಟರು. ಆದರೆ ಅಕ್ಕನ ಬಾಯಿರುಚಿ ಸತ್ತುಹೋಗಿತ್ತು. ಗಂಜಿ ಕೊಟ್ಟರೆ ಎರಡು ಗುಟುಕು. ಮುದ್ದೆ ಮುರಿದಿಟ್ಟರೆ ಬೆರಳಲ್ಲಿ ಹೊರಳಿಸಿ ತಟ್ಟೆ ಸರಿಸುವಳು. ಬಳೆ ಮೊಣಕೈವರೆಗೂ ಜಾರುತ್ತಿತ್ತು. ನನ್ನ ಹೆಂಡತಿ ದಿನಕ್ಕೊಂದು ಸಾರು ಮಾಡಿ ಸೋತಳು. ಕೊನೆಗೊಂದು ದಿನ ಅಕ್ಕನೇ ಬಾಯಿಬಿಟ್ಟು, ಅವ್ವ ಮಾಡುತ್ತಿದ್ದಂಥ ಉಪ್ಪುಕಂಡ ಸಿಕ್ಕಿದ್ದರೆ ಒಂದು ತುತ್ತು ಇಳಿಯುತ್ತಿತ್ತೇನೋ ಅಂದಳು.

ಉಪ್ಪು ಅರಿಶಿನ ಖಾರ ಹಚ್ಚಿ, ಉದ್ದುದ್ದ ಸೀಳಿದ ಕುರಿಯ ಬಾಡನ್ನು ನಾಲ್ಕು ದಿನ ಸುಡುಬಿಸಿಲಿಗೆ ಒಣಗಿಸಿದರೆ ಉಪ್ಪುಕಂಡ. ಆಷಾಢದಲ್ಲಿ ಬಿಸಿಲೆಲ್ಲಿಂದ ತರುವುದು? ಬೆಳಿಗ್ಗೆಯಿಂದ ಸಂಜೆವರೆಗೂ ಗಾಳಿ, ಮೋಡ, ಜಿಟಿಜಿಟಿ ಹನಿ. ಊರಲ್ಲಾಗಿದ್ದರೆ ಒಲೆಯ ಮೇಲಿನ ಅಟ್ಟಕ್ಕೆ ಕಟ್ಟಿದರೆ ಹೊಗೆಗೇ ಒಣಗುತ್ತಿತ್ತು. ನಮ್ಮ ಅಡುಗೆಮನೆಗೆ ಅಟ್ಟವೂ ಇಲ್ಲ, ಹೊಗೆ ನಿಲ್ಲುವ ಎತ್ತರವೂ ಇಲ್ಲ. ಇನ್ನು ಹನ್ನೆರಡು ದಿನಕ್ಕೆ ಶ್ರಾವಣ. ಶ್ರಾವಣ ಹುಟ್ಟಿದರೆ ನಮ್ಮಲ್ಲಿ ಒಂದು ತಿಂಗಳು ಬಾಡಿನ ಮಡಕೆ ಒಲೆಗೆ ಏರಿಸುವುದಿಲ್ಲ, ಕಾಯಿಲೆಯವಳಾದರೂ ಅಕ್ಕ ಮುಟ್ಟುವವಳಲ್ಲ. ಇನ್ನೊಂದು ತಿಂಗಳು ಎರಡು ಗುಟುಕು ಗಂಜಿಯಲ್ಲಿ ಅವಳು ಉಳಿಯುತ್ತಾಳೆಯೇ ಅನ್ನುವುದೇ ನನ್ನ ತಲೆ ತಿನ್ನುತ್ತಿತ್ತು.

ಮನೆಯಲ್ಲಿ ಮಾರಾಟವಾಗದ ಒಂದು ಮಡಚೊಲೆ ಬಿದ್ದಿತ್ತು. ಸೈನ್ಯದವರು ಹರಾಜು ಹಾಕಿದ ಸಾಮಾನಿನ ಜೊತೆ ಬಂದದ್ದು. ನಾಲ್ಕು ಮಡಚುವ ಕಾಲು, ಇದ್ದಿಲು ಹಾಕುವ ಕಬ್ಬಿಣದ ತಟ್ಟೆ, ಮೇಲೊಂದು ಸರಳಿನ ಜಾಲರಿ. ಬಿಳಿ ದೊರೆಗಳು ಬಯಲಲ್ಲಿ ಬಾಡು ಸುಟ್ಟುಕೊಳ್ಳುತ್ತಿದ್ದರಂತೆ. ಇದನ್ನೇ ಹೊಗೆಗೂಡು ಮಾಡೋಣ ಅಂತ ಹೊಳೆಯಿತು. ಮೊದಲು ಸುಮ್ಮನೆ ಜಾಲರಿಯ ಮೇಲೆ ಎರಡು ತುಂಡು ಇಟ್ಟು ನೋಡಿದೆ. ಹೊರಗೆಲ್ಲ ಕರಕಲು, ಒಳಗೆ ಹಸಿ. ಹೊಗೆಯಂತೂ ಗಾಳಿಯ ಪಾಲು. ಬೆಂಕಿಯನ್ನೂ ಬಾಡನ್ನೂ ದೂರ ಇಡಬೇಕು, ಹೊಗೆಯನ್ನು ಹಿಡಿದಿಡಬೇಕು. ಅದಕ್ಕೊಂದು ಡ್ರಮ್ಮು ಬೇಕಿತ್ತು.

ಮಾಗಡಿ ರಸ್ತೆಯ ಗುಜರಿ ಅಂಗಡಿಯಲ್ಲಿ ಮೊಣಕಾಲೆತ್ತರದ ಎರಡು ಡ್ರಮ್ಮುಗಳು ಪಕ್ಕಪಕ್ಕದಲ್ಲೇ ಇದ್ದವು. ಅಂಗಡಿಯವನು ನನಗೆ ಹಳಬ, ಗಟ್ಟಿ ಕುಳ. ಅಕ್ಕನಿಗೆ ಬಾಡು ಒಣಗಿಸಬೇಕು ಅಂದರೆ ಅವನು ಅಕ್ಕನ ಕಾಯಿಲೆಯನ್ನೂ ಬೆಲೆಗೆ ಸೇರಿಸುತ್ತಾನೆ ಅಂತ ನನ್ನ ಲೆಕ್ಕ. ಹಿತ್ತಲಲ್ಲಿ ಸುಣ್ಣ ಕಲಸಿಡಲು ಒಂದು ತೂತಿಲ್ಲದ ತಗಡಿನ ಡ್ರಮ್ಮು ಇದ್ದರೆ ಕೊಡು, ಇಲ್ಲದಿದ್ದರೆ ಒಡಕು ಮಣ್ಣಿನ ಬಾನಿಯೇ ಸಾಕು ಅಂದೆ. ಅವನು ಒಂದನ್ನು ಹಿಂದಕ್ಕೆ ಸರಿಸಿ ಇನ್ನೊಂದನ್ನು ಮುಂದಕ್ಕೆ ತಳ್ಳಿದ. ಎರಡು ಸಲ ಎದ್ದು ಹೊರಟೆ, ಎರಡು ಸಲವೂ ಕರೆದ. ಅವನು ಹೇಳಿದ್ದರ ಅರ್ಧಕ್ಕೆ ತಂದೆ. ದಾರಿಯುದ್ದಕ್ಕೂ ಸಿಳ್ಳೆ ಹಾಕಿಕೊಂಡು ಬಂದದ್ದು ಇನ್ನೂ ನೆನಪಿದೆ.

ಮಾಡುವ ಬಗೆ ಹೇಳುತ್ತೇನೆ, ಬೇಕಾದವರು ಮಾಡಿಕೊಳ್ಳಿ. ಉಳಿಯಿಂದ ಡ್ರಮ್ಮಿನ ಎರಡೂ ಮುಚ್ಚಳ ಕತ್ತರಿಸಿ ಕೊಳವೆ ಮಾಡಬೇಕು. ಮಡಚೊಲೆಯ ಜಾಲರಿಯ ಮೇಲೆ ಹಳೇ ರೊಟ್ಟಿ ಹೆಂಚು ಇಡಬೇಕು, ಸುತ್ತ ಎರಡು ಬೆರಳು ಸಂದು ಬಿಟ್ಟು. ಬೆಂಕಿಯ ಝಳವನ್ನು ಹೆಂಚು ತಡೆಯುತ್ತದೆ, ಹೊಗೆ ಸಂದಿಯಿಂದ ಏರುತ್ತದೆ. ಅದರ ಮೇಲೆ ಡ್ರಮ್ಮು ನಿಲ್ಲಿಸಿ, ಮೇಲಂಚಿನ ಹತ್ತಿರ ಎದುರುಬದುರು ತೂತು ಕೊರೆದು ಸೈಕಲ್ ಕಡ್ಡಿಗಳನ್ನು ತೂರಿಸಿ, ಬಾಡಿನ ಸೀಳುಗಳನ್ನು ಒಂದಕ್ಕೊಂದು ತಾಗದಂತೆ ನೇತುಹಾಕಬೇಕು. ಬಾಯಿಗೆ ಒದ್ದೆ ಗೋಣಿ. ಇದ್ದಿಲು ಹುಣಿಸೆಯದಾಗಿರಲಿ, ನಿಧಾನವಾಗಿ ಉರಿಯುತ್ತದೆ. ಹೊಗೆಗೆ ಸೀಬೆ ಮರದ ಚೂರು, ಒದ್ದೆ ಮಾಡಿದ ತೆಂಗಿನ ಸಿಪ್ಪೆ. ಬೇವು ಬೇಡ, ನೀಲಗಿರಿಯಂತೂ ಬೇಡವೇ ಬೇಡ. ಗೋಣಿ ಸರಿಸಿ ಡ್ರಮ್ಮಿನ ಬಾಯಿಯ ಮೇಲೆ ಕೈ ಹಿಡಿದು ಹನ್ನೆರಡು ಎಣಿಸುವವರೆಗೆ ತಡೆಯುವಂತಿದ್ದರೆ ಕಾವು ಸರಿ. ಆರಕ್ಕೇ ಕೈ ಎಳೆದುಕೊಂಡರೆ ಬಾಡು ಒಣಗುತ್ತಿಲ್ಲ, ಬೇಯುತ್ತಿದೆ ಅಂತ ಅರ್ಥ. ಗಾಳಿ ಬರುವ ಕಡೆ ಒಂದು ಒಡಕು ಹೆಂಚು ಅಡ್ಡ ಇಡಿ.

ಇಷ್ಟು ಬಲ್ಲವನು ನಾನು, ಒಂದನ್ನು ಮಾತ್ರ ಕಂಡೂ ಕಾಣದವನಂತೆ ಬಿಟ್ಟೆ. ಖಾಲಿ ಡ್ರಮ್ಮಿಗೆ ಮೊದಲ ಸಲ ಬೆಂಕಿ ಹಾಕಿದಾಗ ಒಂದು ಸಿಹಿ ಸಿಹಿ ವಾಸನೆ ಬಂತು, ಔಷಧಿ ಅಂಗಡಿಯ ಒಳಗೆ ಹೋದಂತೆ. ಹಳೇ ತಗಡಲ್ಲವೇ ಅಂದುಕೊಂಡು ಅರ್ಧ ಗಂಟೆ ಉರಿಸಿದೆ, ಬೂದಿ ಹುಣಿಸೆಹಣ್ಣು ಹಾಕಿ ಉಜ್ಜಿದೆ. ವಾಸನೆ ಹೋಯಿತು ಅಂತ ಅನ್ನಿಸಿತು. ಅನ್ನಿಸಲಿ ಅಂತ ನಾನೇ ಬಯಸಿದ್ದೆನೋ ಏನೋ.

ಎರಡು ಹಗಲು ಹೊಗೆ ಕುಡಿದು ಬಾಡು ಕಂದು ಬಣ್ಣಕ್ಕೆ ತಿರುಗಿ ಬಾರುಕೋಲಿನ ತೊಗಲಿನಂತೆ ಬಿಗಿಯಾಯಿತು. ಹೆಂಡತಿ ಕುಟ್ಟಿ ಸಾರು ಮಾಡಿದಳು. ಅಕ್ಕ ಮೊದಲ ದಿನ ಎರಡು ತುಂಡು ತಿಂದಳು. ಎರಡನೇ ದಿನ ಒಂದಿಡೀ ಮುದ್ದೆ ಮುಗಿಸಿ ಬೆರಳು ನೆಕ್ಕಿದಳು. ಇದ್ದದ್ದೇ ಸ್ವಲ್ಪ, ಎಲ್ಲ ಅವಳಿಗೇ ಇರಲಿ ಅಂತ ನಾನು ನಾಲಿಗೆಗೂ ಹಚ್ಚಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಬೇರೇನೋ ಕೆಲಸಕ್ಕೆ ಗುಜರಿ ಅಂಗಡಿಗೆ ಹೋದೆ. ಅಂಗಡಿಯವನು ಸುಣ್ಣದ ವಿಚಾರ ಕೇಳಿ, ಚಾ ತರಿಸಿ, ಮಾತಿನ ನಡುವೆ ಅಂದ: "ಒಂದು ಹೇಳ್ಬೇಕಿತ್ತು ಸಾಮಿ. ಆ ಡ್ರಮ್ಮಲ್ಲಿ ಮನೆಯವರು ನೀರು ಗೀರು ತುಂಬ್ಸಿ ಇಟ್ಟಾರು. ತೋಟದ ಹುಳಕ್ಕೆ ಹೊಡಿಯೋ ಪುಡಿ ಬಂದಿದ್ದ ಡ್ರಮ್ಮು ಅದು."

ಚಾ ಬಟ್ಟಲು ಕೆಳಗಿಟ್ಟದ್ದು ನೆನಪಿದೆ, ನಾನೇನು ಕೇಳಿದೆ ಅನ್ನುವುದು ನೆನಪಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿರಬೇಕು.

"ನೀವು ಸುಣ್ಣಕ್ಕೆ ಅಂದ್ರಲ್ಲ. ಸುಣ್ಣಕ್ಕೆ ವಿಷ ಏರುತ್ತಾ? ಪಕ್ಕದ್ದು ಒಳ್ಳೆಣ್ಣೆ ಡ್ರಮ್ಮು. ತಿನ್ನೋದಕ್ಕೆ ಅಂದಿದ್ರೆ ಅದನ್ನೇ ಕೊಡ್ತಿದ್ದೆ."

ಸೈಕಲ್ ಹತ್ತಿದೆ. ಮಾಗಡಿ ರಸ್ತೆಯ ಇದ್ದಿಲು ಗಾಡಿಗಳ ಸಾಲು ಆವತ್ತು ಮುಗಿಯಲೇ ಇಲ್ಲ. ಮನೆ ಹೊಕ್ಕಾಗ ಅಕ್ಕ ಗೋಡೆಗೊರಗಿ ಕೂತು ತಟ್ಟೆ ಮುಂದಿಟ್ಟುಕೊಂಡಿದ್ದಳು, ಹೆಂಡತಿ ಸಾರು ಬಡಿಸಿದ್ದಳು. ನಾನು ಬಗ್ಗಿ ತಟ್ಟೆ ಎತ್ತಿಕೊಂಡೆ. ಬಾಡು ಸ್ವಲ್ಪ ಕೆಟ್ಟಿದೆ ಅನ್ನಿಸುತ್ತೆ, ಇವತ್ತು ಬೇಡ ಅಂದೆ. ಅಕ್ಕ ಮುದ್ದೆ ಹಿಡಿದ ಕೈಯನ್ನು ಹಾಗೇ ಎತ್ತಿ ನನ್ನ ಮುಖ ನೋಡಿದಳು.

"ತುಂಡು ಎಣಿಸೋಕೆ ಬಂದ್ಯೇನೋ? ವ್ಯಾಪಾರಸ್ಥ ಕಣಪ್ಪ ನೀನು."

ತಟ್ಟೆಯನ್ನು ಅಡುಗೆಮನೆಗೆ ಒಯ್ದೆ. ನಿಜ ಹೇಳಿದರೆ ನಾಳೆಯಿಂದ ನಮ್ಮ ಮನೆಯ ಗಂಜಿಯನ್ನೂ ಮುಟ್ಟುವುದಿಲ್ಲ ಅಂತ ಹೆದರಿಕೆ. ಹೇಳದಿದ್ದರೆ ಏನಾಗುತ್ತದೋ ಅಂತ ಅದಕ್ಕಿಂತ ಹೆದರಿಕೆ. ಹೆಂಡತಿಯನ್ನು ಹಿತ್ತಲಿಗೆ ಕರೆದು ವಿಷಯ ಹೇಳಿದೆ. ಅವಳು ಸಾರಿನ ಮಡಕೆ ಎತ್ತಿಕೊಂಡು ಬಂದು ನನ್ನ ಕಾಲ ಬಳಿ ಇಟ್ಟಳು. ಮತ್ತೆ ಸೈಕಲ್ ಹತ್ತಿ ಡಾಕ್ಟರ ಹತ್ತಿರ ಓಡಿದೆ.

ಡಾಕ್ಟರು ಎಲ್ಲ ಕೇಳಿದರು. ಎಷ್ಟು ಹೊತ್ತು ಉರಿಸಿದಿರಿ, ಏನು ಹಾಕಿ ತೊಳೆದಿರಿ, ಎಷ್ಟು ತಿಂದರು. ಉರಿಗೆ ಹೋಗಿರಬಹುದು, ಹೋಗದೆಯೂ ಇರಬಹುದು ಅಂದರು. ಅಂಥ ಉತ್ತರ ಕೊಡುವವರ ಹತ್ತಿರ ಚೌಕಾಸಿ ಮಾಡುವುದು ಹೇಗೆ? ವಾಂತಿ, ತಲೆಸುತ್ತು, ಕೈ ನಡುಕ, ತುಟಿ ಬೆರಳು ಜುಮ್ಮೆನ್ನುವುದು, ಇವನ್ನು ನಾಳೆ ಸಂಜೆವರೆಗೂ ನೋಡುತ್ತಿರಿ, ಒಂದು ಕಂಡರೂ ಜಟಕಾ ಮಾಡಿಕೊಂಡು ಕರೆದುಕೊಂಡು ಬನ್ನಿ ಅಂದರು. ಸರಿ, ಪಕ್ಕದಲ್ಲೇ ಕೂತು ನೋಡುತ್ತೇನೆ ಅಂದೆ.

"ಬೆರಳು ಜುಮ್ಮೆನ್ನೋದು ನಿಮಗೆ ಹೇಗೆ ಕಾಣುತ್ತೆ? ಅವರೇ ಹೇಳಬೇಕು. ಅವರಿಗೆ ಮೊದಲು ನೀವು ಹೇಳಿ."

ಹೀಗೆ ತಪ್ಪಿಸಿಕೊಳ್ಳುವ ದಾರಿ ಮುಚ್ಚಿತು. ಮಧ್ಯಾಹ್ನ ಅಕ್ಕನ ಚಾಪೆಯ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಸುಣ್ಣದ ಸುಳ್ಳನ್ನು, ಎರಡು ಸಲ ಎದ್ದು ಹೊರಟದ್ದನ್ನು, ಆ ವಾಸನೆಯನ್ನೂ ಬಿಡಲಿಲ್ಲ. ಅವಳು, ಅಂಗಡಿಯವನು ಎಷ್ಟು ಕೇಳಿದ, ಕೊನೆಗೆ ಎಷ್ಟಕ್ಕೆ ಕೊಟ್ಟ ಅಂತ ವಿಚಾರಿಸಿದಳು. ಹೇಳಿದೆ. ಅಷ್ಟು ಕಾಸಿಗಾ ಅಂದಳು. ಆಮೇಲೆ ತನ್ನ ಎರಡೂ ಕೈ ಮುಂದೆ ಚಾಚಿ ಬೆರಳು ನೋಡಿಕೊಂಡಳು. ನಾನೂ ಅವಳ ಕೈ ಹಿಡಿದು ನೋಡಿದೆ.

"ನಡುಗ್ತಾ ಇರೋದು ನಿನ್ನ ಕೈ ಕಣೋ" ಅಂದಳು.

ಉಳಿದ ಉಪ್ಪುಕಂಡವನ್ನು, ಸಾರನ್ನು ಹಿತ್ತಲಲ್ಲಿ ನಾಯಿ ಕೆದಕದಷ್ಟು ಆಳಕ್ಕೆ ಹೂತೆ. ಡ್ರಮ್ಮನ್ನು ಯಾರೂ ಯಾತಕ್ಕೂ ಬಳಸದಂತೆ ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿದೆ. ಆ ದಿನ, ಮರುದಿನ, ಅವಳು ಕೆಮ್ಮಿದರೂ ಎದ್ದು ನಿಲ್ಲುತ್ತಿದ್ದೆ. ಬೆರಳು ಹೇಗಿದೆ ಅಂತ ಎಷ್ಟು ಸಲ ಕೇಳಿದೆನೋ, ಹತ್ತು ಬೆರಳೂ ಇವೆ, ಎಣಿಸಿಕೊಂಡು ಹೋಗು ಅಂತ ಬೈಸಿಕೊಂಡೆ. ಮರುದಿನ ಸಂಜೆ ದಾಟಿತು. ಏನೂ ಆಗಲಿಲ್ಲ. ಆದರೆ ನಾನು ಹೆದರಿದ್ದು ಇನ್ನೊಂದು ಕಡೆಯಿಂದ ಬಂತು. ಅವಳು ಮತ್ತೆ ಗಂಜಿಗೆ ಇಳಿದಳು. ಎರಡು ಗುಟುಕು. ಕೋಪಕ್ಕಲ್ಲ, ಇಳಿಯುತ್ತಿಲ್ಲ ಕಣೋ ಅನ್ನುತ್ತಿದ್ದಳು.

ಶ್ರಾವಣಕ್ಕೆ ನಾಲ್ಕು ದಿನ ಉಳಿದಿತ್ತು. ಗುಜರಿ ಅಂಗಡಿಗೆ ಹೋಗಿ ನಿಂತೆ. ಮೇಜಿನ ಬೆಲೆ ಕೇಳಲಿಲ್ಲ, ಮುಖ ಸಿಂಡರಿಸಲಿಲ್ಲ. ಕಾಯಿಲೆಯ ಅಕ್ಕನಿಗೆ ಬಾಡು ಹೊಗೆಯಲ್ಲಿ ಒಣಗಿಸಬೇಕು, ಆ ಒಳ್ಳೆಣ್ಣೆ ಡ್ರಮ್ಮು ಕೊಡು, ನೀನು ಹೇಳಿದ್ದೇ ಬೆಲೆ ಅಂದೆ. ಅವನಿಗೆ ಆಗ ಗೊತ್ತಾಯಿತು ಮೊದಲನೆಯದು ಎಲ್ಲಿಗೆ ಹೋಗಿತ್ತು ಅಂತ. ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ಎಣ್ಣೆದು ಅಂತ ನನಗೆ ಕೊಟ್ಟವನು ಹೇಳಿದ್ದು. ನಾನು ಕಂಡಿಲ್ಲ. ಅಕ್ಕಂಗೆ ಅಂದ್ರೆ ನನ್ನ ಹತ್ರ ಯಾವ ಡ್ರಮ್ಮೂ ಇಲ್ಲ ಸಾಮಿ. ಕುಂಬಾರನ ಹತ್ರ ಹೋಗಿ, ಹೊಸ ಮಡಕೆ ತಗೊಳ್ಳಿ."

ಅಷ್ಟು ವರ್ಷದ ಕಸುಬಿನಲ್ಲಿ ಕೇಳಿದ ಬೆಲೆಗೆ ಮಾರುವುದಿಲ್ಲ ಅಂದವನು ಅವನೊಬ್ಬನೇ.

ಕುಂಬಾರನ ಆವಿಗೆಯಿಂದ ಆಗಷ್ಟೇ ಇಳಿಸಿದ, ಯಾರೂ ಮುಟ್ಟದ ದೊಡ್ಡ ಬಾನಿ ತಂದೆ. ತಳವನ್ನು ಒದ್ದೆ ಬಟ್ಟೆ ಸುತ್ತಿ ಸಣ್ಣಗೆ ತಟ್ಟಿ ತೆಗೆದೆ. ಒಂದು ಬಿರುಕು ಬಿಟ್ಟಿತು, ಮಣ್ಣು ಮೆತ್ತಿದೆ. ಮಡಚೊಲೆ, ಹೊಸ ರೊಟ್ಟಿ ಹೆಂಚು, ಬಾನಿ, ಮೇಲೆ ಬಿದಿರು ಕಡ್ಡಿ. ತಗಡಿಗಿಂತ ಮಣ್ಣು ಕಾವನ್ನು ಚೆನ್ನಾಗಿ ಹಿಡಿಯುತ್ತದೆ. ಡ್ರಮ್ಮಿನ ಗೊಡವೆಯೇ ಬೇಡ, ನೀವು ನೇರವಾಗಿ ಬಾನಿಯಲ್ಲೇ ಮಾಡಿ. ಎರಡು ಹಗಲೂ ಪಕ್ಕ ಬಿಟ್ಟು ಏಳಲಿಲ್ಲ, ಪ್ರತಿ ಸಲ ಗೋಣಿ ಸರಿಸಿದಾಗಲೂ ಮೂಗು ಹಾಕಿ ಮೂಸಿದೆ. ಸೀಬೆ ಹೊಗೆ ಬಿಟ್ಟರೆ ಬೇರೆ ಇಲ್ಲ. ಇಲ್ಲ ಅಂತ ಗೊತ್ತಿದ್ದರೂ ಇನ್ನೊಂದು ಸಲ ಮೂಸುತ್ತಿದ್ದೆ.

ಸಾರಾದ ದಿನ ಮೊದಲು ನಾನೇ ಎರಡು ತುಂಡು ತಿಂದು ಅಕ್ಕನ ಎದುರಿಗೆ ಕೂತೆ. ಅವಳಿಗೆ ಬಡಿಸಿದ್ದ ತಟ್ಟೆ ನನ್ನ ಪಕ್ಕದಲ್ಲೇ ಇತ್ತು.

"ಎಷ್ಟೊತ್ತು ಕಾಯ್ಬೇಕೋ? ಮುದ್ದೆ ಆರ್ತಾ ಇದೆ."

ಇನ್ನೊಂದು ಗಳಿಗೆ ಇರು ಅಂದೆ. ಅವಳು ಇರಲಿಲ್ಲ. ಮುಂದಕ್ಕೆ ಬಗ್ಗಿ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಮುದ್ದೆ ಮುರಿದು ಸಾರಿಗದ್ದಿ ಬಾಯಿಗಿಟ್ಟಳು, ಒಂದು ತುಂಡು ಕಚ್ಚಿ ಅಗಿದಳು, ನುಂಗಿದಳು. ನಾನು ಅವಳ ಬೆರಳನ್ನೇ ನೋಡುತ್ತಿದ್ದೆ. ಎರಡನೇ ತುತ್ತು ಎತ್ತಿದವಳು ನಿಲ್ಲಿಸಿದಳು. ನಾನು ತಟ್ಟೆಯತ್ತ ಕೈ ಚಾಚಿದೆ.

ಸಾರಿಗೆ ಉಪ್ಪು ಸಾಲದು ಅಂದಳು. ಹೆಂಡತಿ ಉಪ್ಪಿನ ಮರಿಗೆ ತಂದು ಮುಂದಿಟ್ಟಳು.