ಅರವತ್ತೊಂದು ಕತ್ತು

ಸೋಪು ಹತ್ತಿದ ಬೆರಳಿಂದ ಮೊಬೈಲು ಮುಟ್ಟಬಾರದು ಎಂಬ ಜ್ಞಾನ ನೂಲಣ್ಣನಿಗೆ ಬಂದದ್ದು ಕೆಲಸ ಕೆಟ್ಟ ಮೇಲೆ. ಒಬ್ಬ ಗಿರಾಕಿಯ ಗಡ್ಡ ಕೆರೆದು ಕಳಿಸಿ, ಕೈಯನ್ನೂ ತೊಳೆಯದೆ, ಬೀದಿಯ ಮೂಲೆಯಲ್ಲಿ ಹೊಸದಾಗಿ ಸಲೂನು ತೆರೆದವನ ಪುಟವನ್ನು ಕದ್ದು ನೋಡುತ್ತಿದ್ದ. ಬೆರಳು ಜಾರಿತು. ಫ್ರೆಂಡ್ ರಿಕ್ವೆಸ್ಟ್ ಹೊರಟೇಹೋಯಿತು. ವಾಪಸು ಪಡೆಯುವ ದಾರಿ ಹುಡುಕುವಷ್ಟರಲ್ಲಿ ಆ ಪುಣ್ಯಾತ್ಮ ಒಪ್ಪಿಕೊಂಡೂ ಆಗಿತ್ತು.

"ಹೋಗಿ ಹೋಗಿ ಅವನ ಜೊತೆ ಗೆಳೆತನ ಮಾಡ್ಕೊಂಡ್ರಾ? ಬೆಳಿಗ್ಗೆ ಕಾಫಿ ಕುಡಿಯೋವಾಗ್ಲೂ ಅವನನ್ನೇ ಬೈತಿದ್ರಲ್ಲ!" ಒಗೆದ ಟವೆಲುಗಳನ್ನು ಮಡಚುತ್ತಿದ್ದ ಹೆಂಡತಿ ನಕ್ಕಳು.

ನೂಲಣ್ಣ ಎಂಬುದು ಗಿರಾಕಿಗಳು ಇಟ್ಟ ಹೆಸರು. ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿ, ಅದೇ ಕನ್ನಡಿ; ಕತ್ತಿನ ಹಿಂದೆ ಅವನು ಕತ್ತಿಯಲ್ಲಿ ಎಳೆದ ಗೆರೆ ನೂಲು ಹಿಡಿದಷ್ಟು ನೇರ. ಮುಖ ಮರೆಯುತ್ತಾನೆ, ಕತ್ತು ಮರೆಯುವುದಿಲ್ಲ. ರಸ್ತೆಯಲ್ಲಿ ಎದುರಿಗೆ ಬಂದವರನ್ನು ಗುರುತಿಸದೆ, ಅವರು ದಾಟಿ ಹೋದ ಮೇಲೆ "ಓ, ನಮಸ್ಕಾರ!" ಎನ್ನುತ್ತಾನೆ.

ಈಗ ಮೊಬೈಲು ಹೇಳುತ್ತಿತ್ತು: ನಿಮ್ಮಿಬ್ಬರಿಗೂ ಸೇರಿದ ಗೆಳೆಯರು ಅರವತ್ತೊಂದು. ಇಬ್ಬರಿಗೂ ಏನು ಬಂತು, ಎಲ್ಲರೂ ತನ್ನ ಗಿರಾಕಿಗಳೇ! ಒಬ್ಬೊಬ್ಬರನ್ನೇ ಒತ್ತಿ ನೋಡಿದ. ಔಷಧಿ ಅಂಗಡಿಯವನು ತನ್ನ ಗೆಳೆಯನನ್ನು ಅಲ್ಲಿಗೆ ಸೇರಿಸಿದ್ದ, ಆ ಗೆಳೆಯ ತನ್ನ ಷಡ್ಡಕನನ್ನು, ಷಡ್ಡಕ ಇಡೀ ಆಫೀಸನ್ನು. ನೂಲಣ್ಣನ ಸ್ವಂತ ಭಾಮೈದನೂ ಅಲ್ಲಿ "ಸೂಪರ್ ಬ್ರದರ್" ಎಂದು ಬರೆದಿದ್ದ. ಭಾವನಿಗೆ ಒಂದು ದಿನವೂ ಸೂಪರ್ ಅಂದವನಲ್ಲ; ಪುಕ್ಕಟೆ ಕಟಿಂಗಿಗೆ ಹೊಗಳಿಕೆ ಬೇರೆ ಕೇಡು ಎಂದುಕೊಂಡಿರಬೇಕು.

ಕೊನೆಗೆ ಒಂದು ಫೋಟೊದ ಮೇಲೆ ಕಣ್ಣು ನೆಟ್ಟಿತು. ಹೊಸ ಸಲೂನಿನ ಕುರ್ಚಿಯಲ್ಲಿ ಯಾರೋ ಬೆನ್ನು ತಿರುಗಿಸಿ ಕೂತಿದ್ದರು. ಮುಖ ಕಾಣುತ್ತಿರಲಿಲ್ಲ. ನೂಲಣ್ಣನಿಗೆ ಅದು ಬೇಕೂ ಇರಲಿಲ್ಲ. ಎಡಗಿವಿಯ ಕೆಳಗೆ ಮಚ್ಚೆ, ಕತ್ತಿನ ನಡುವೆ ಒಂದು ಸುಳಿ. ನಿವೃತ್ತ ಲೆಕ್ಕದ ಮೇಷ್ಟ್ರು! ತಾನು ಅಂಗಡಿ ತೆರೆದ ದಿನದ ಮೊದಲ ಗಿರಾಕಿ. "ವಯಸ್ಸಾಯ್ತಲ್ಲಪ್ಪ, ಕೂದಲೇ ಬೆಳೀತಿಲ್ಲ" ಎಂದು ಎರಡು ತಿಂಗಳಿಂದ ತಪ್ಪಿಸಿಕೊಂಡು ತಿರುಗುತ್ತಿದ್ದವರು. ಉಳಿದ ಅರವತ್ತು ಹೋದರೆ ಹೋಗಲಿ ಅನ್ನಬಹುದಿತ್ತು. ಇದೊಂದನ್ನು ಬಿಡಲು ಮನಸ್ಸು ಬರಲಿಲ್ಲ.

"ಆ ಕತ್ತು ನಂದು ಕಣೇ!"

"ಅವರದ್ದು ಅಂದ್ಕೊಂಡಿದ್ದೆ," ಎಂದಳು ಹೆಂಡತಿ.

ಮರುದಿನ ಮೂಲೆ ಸಲೂನಿನವನೇ ಬಂದು ನೂಲಣ್ಣನ ಕುರ್ಚಿಯಲ್ಲಿ ಕೂತ. "ಅಣ್ಣಾ, ನೀವೇ ರಿಕ್ವೆಸ್ಟ್ ಕಳಿಸಿದ್ರಲ್ಲ, ಧೈರ್ಯ ಬಂತು. ನನ್ನ ಕಟಿಂಗ್ ನಾನೇ ಮಾಡ್ಕೊಳ್ಳೋದು. ಹಿಂದುಗಡೆ ಕೈ ಎಟುಕಲ್ಲ ನೋಡಿ."

ಹಿಂದುಗಡೆ ಇಲಿ ಕಡಿದ ಹಾಗಿತ್ತು. ನೂಲಣ್ಣ ಒಂದು ಗಂಟೆ ಕತ್ತರಿ ಆಡಿಸಿದ. ಪ್ರೀತಿ ಉಕ್ಕಿ ಅಲ್ಲ. ಅರವತ್ತೊಂದು ಮಂದಿಯೂ ನೋಡಲಿ, ಮೇಷ್ಟ್ರಂತೂ ಕಣ್ಣು ಬಿಟ್ಟು ನೋಡಲಿ, ಯಾರ ಕೈ ಎಂಥದ್ದು ಗೊತ್ತಾಗಲಿ ಎಂದು.

ಸಂಜೆ ಅವನ ಪುಟದಲ್ಲಿ ಫೋಟೊ ಬಂತು. ಮುನ್ನೂರು ಲೈಕು. "ಏನು ಕೈಚಳಕ ಗುರೂ ನಿಂದು!" "ನಾಳೆ ನಂಗೂ ಇದೇ ಕಟಿಂಗ್, ನಿನ್ನ ಸಲೂನಿಗೇ ಬರ್ತೀನಿ." ಸಲೂನಿನವನ ತಲೆ, ಸಲೂನಿನವನದೇ ಕೈ ಎಂದು ಜನ ತೀರ್ಮಾನಿಸಿಬಿಟ್ಟಿದ್ದರು. "ಇದು ನೂಲಣ್ಣನ ಕೆಲಸ" ಎಂದು ಆತ ಪಾಪ ಮೇಲೆಯೇ ಬರೆದಿದ್ದ. ಫೋಟೊ ನೋಡುವವರು ಅಕ್ಷರ ಓದುತ್ತಾರೆಯೇ?

ಮೇಷ್ಟ್ರು ಮಾತ್ರ ಓದಿದ್ದರು. ಬೆಳಿಗ್ಗೆಯೇ ಬಂದು, ಕನ್ನಡಿ ನೋಡದೆ ಹಳೆಯ ಕುರ್ಚಿಯಲ್ಲಿ ಕೂತರು. ನೂಲಣ್ಣ ಬಟ್ಟೆ ಹೊದಿಸಿ, ಆ ಮಚ್ಚೆಯನ್ನೊಮ್ಮೆ ನೋಡಿ, ಬಾಚಣಿಗೆ ಎತ್ತಿಕೊಂಡ.

"ನಿನ್ನದು ದೊಡ್ಡ ಮನಸ್ಸು ಕಣಯ್ಯಾ," ಎಂದರು ಮೇಷ್ಟ್ರು. "ಪೈಪೋಟಿಗೆ ನಿಂತವನ ತಲೇನ ಅಷ್ಟು ಚೆನ್ನಾಗಿ ಮಾಡಿ ಕಳಿಸಿದೆ. ನಮ್ಮಂಥೋರ ಕೈಲಿ ಆಗಲ್ಲ. ಮುಂದಿನ ತಿಂಗಳೂ ಅವನು ಬಂದ್ರೆ ಮಾಡ್ತೀಯಾ?"

"ಮಾಡ್ತೀನಿ ಸಾರ್," ಎಂದ ನೂಲಣ್ಣ. "ಸ್ವಲ್ಪ ಸೊಟ್ಟಗೆ."