ಎವಾಂಥಿಯಾ ಮೇಡಂ ಅವರ ಗಂಟೆ

ನನ್ನ ಮೀನಂಗಡಿಯ ಮೇಲಿನ ಮಹಡಿಯಲ್ಲಿ ಸಂಖ್ಯಾಶಾಸ್ತ್ರದ ಟ್ಯೂಷನ್ ಹೇಳುವ ಎವಾಂಥಿಯಾ ಮೇಡಂ ಕಣ್ಣಿಗೆ ಗ್ರೀಸಿನ ನಮ್ಮ ವೋಲೊಸ್ ಊರಷ್ಟೇ ಅಲ್ಲ, ಇಡೀ ಲೋಕವೇ ಚರ್ಚಿನ ಗಂಟೆಯ ಆಕಾರದಲ್ಲಿದೆ. ಮೀನು ಕೊಳ್ಳುವಾಗಲೂ ಬುಟ್ಟಿಯಲ್ಲಿ ಕೈಯಾಡಿಸಿ, "ನೋಡಪ್ಪಾ, ಪುಟಾಣಿ ಒಂದೆರಡು, ದಾಂಡಿಗ ಒಂದೆರಡು, ಉಳಿದದ್ದೆಲ್ಲ ನಡುವಿನವು" ಎಂದು ನನಗೇ ಪಾಠ ಹೇಳುತ್ತಾರೆ. ಯಾರಾದರೂ ಅರ್ಥವಾಗದೆ ಸೂತ್ರ ಒಪ್ಪಿಸಿದರೆ ಹುಬ್ಬೆತ್ತಿ 'ಚ್' ಎನ್ನುತ್ತಾರೆ; ನಮ್ಮಲ್ಲಿ ಅದಕ್ಕಿಂತ ದೊಡ್ಡ 'ಇಲ್ಲ' ಇಲ್ಲ. ಪರೀಕ್ಷೆಯ ಹಿಂದಿನ ದಿನ ಮಕ್ಕಳನ್ನು ನನ್ನ ಅಂಗಡಿಯೆದುರಿನ ಬಂದರುಕಟ್ಟೆಯ ಮೇಲೆ ಬೂಟಿನ ಅಳತೆಯ ಪ್ರಕಾರ ಸಾಲುಸಾಲಾಗಿ ನಿಲ್ಲಿಸುತ್ತಾರೆ: ನಡು ಅಳತೆಯವರ ಸಾಲು ಉದ್ದ, ಅಕ್ಕಪಕ್ಕದವು ಮೋಟು, ತುದಿಗಳಲ್ಲಿ ಒಬ್ಬೊಬ್ಬರೇ, ಮಹಡಿಯ ಕಿಟಕಿಯಿಂದ ನೋಡಿದರೆ ಥೇಟ್ ಗಂಟೆ. ಈ ಸಲ ನಡುಸಾಲಿನ ಸ್ಮಾರೊ, "ನನ್ನ ಅಂಕಾನೂ ಹೀಗೇ ಮೇಡಂ, ಯಾವಾಗ್ಲೂ ಸರಾಸರಿ" ಎಂದು ಮುಖ ಸಣ್ಣದು ಮಾಡಿದಳು. ಸರಾಸರಿಗೆ ನಾವು ಗ್ರೀಕಿನಲ್ಲಿ 'ನಡುವಿನ ತಿಮಿ' ಎನ್ನುತ್ತೇವೆ. ತಿಮಿ ಎಂದರೆ ಬೆಲೆಯೂ ಹೌದು, ಮರ್ಯಾದೆಯೂ ಹೌದು. "ಹುಚ್ಚಿ, ತಿಮಿ ಇರೋದೇ ಅಲ್ಲಿ ಕಣೇ! ನೂರರಲ್ಲಿ ಅರವತ್ತೆಂಟು ಜನ ಅದರ ಆಸುಪಾಸಲ್ಲೇ ಇರ್ತಾರೆ. ಗಂಟೆಗೆ ಎತ್ತರ ಬಂದಿದ್ದೇ ನಿಮ್ಮಿಂದ" ಎಂದು ಗದರಿದ ಮೇಡಂ, ದೃಷ್ಟಿ ತಾಗದಿರಲೆಂದು ಥೂ ಥೂ ಥೂ ಎಂದರು. "ಹಾಗಾದ್ರೆ ತುದೀಲಿರೋರಿಗೆ ಮರ್ಯಾದೆ ಇಲ್ವಾ?" ಎಂದಳು ಸ್ಮಾರೊ. ಮೇಡಂ ಪೋಲಿಯೊದಿಂದ ಸೊರಗಿದ ಎಡಗಾಲನ್ನು, ಅದಕ್ಕೆ ತೊಟ್ಟ ಮಗುವಿನಳತೆಯ ಪುಟ್ಟ ಬೂಟನ್ನು ಎಳೆದುಕೊಂಡು ಎಲ್ಲರನ್ನೂ ದಾಟಿ ಹೋಗಿ, ಸಣ್ಣ ಅಳತೆಯ ಎಡತುದಿಯ ಆಚೆ ಒಬ್ಬರೇ ಸೊಂಟದ ಮೇಲೆ ಕೈಯಿಟ್ಟು ನಿಂತರು: "ನಾನಿಲ್ದೆ ನಿಮ್ಮ ಗಂಟೆಗೆ ಅಂಚು ಎಲ್ಲಿಂದ ಬರುತ್ರೇ?"